ಗಾಜಿನ ಅಗಲದ ಮಗ್ಗುಲು

ಯಶವಂತಪುರದಲ್ಲಿ ಲೋಹ ಕಡೆಯುವ ಟರ್ನರ್ ಮೆಹಬೂಬ್ ಪಾಷಾನ ಲೇತಿನಿಂದ ಹೋದ ಮಾಲು ಇಪ್ಪತ್ತು ವರ್ಷಗಳಲ್ಲಿ ಒಂದೂ ವಾಪಸು ಬಂದಿರಲಿಲ್ಲ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

೧೯೬೩ರಲ್ಲಿ ವಿಜ್ಞಾನಿ ದ್ರೌಪದಮ್ಮ ಅವನಿಂದ ಒಂದು ದಪ್ಪ ಉಕ್ಕಿನ ಪಾತ್ರೆ ಮಾಡಿಸಿದರು. ಆಳಸಮುದ್ರದ ಜೀವಿಗಳನ್ನು ಅಲ್ಲಿನಷ್ಟೇ ಒತ್ತಡದ ನೀರಿನಲ್ಲಿಟ್ಟು, ಮುಚ್ಚಳದ ಗಾಜಿನ ಕಿಂಡಿಯಿಂದ ನೋಡುವ ಪಾತ್ರೆ ಅದು. ಆದರೆ ಪಾಷಾನಿಗೆ ಅವರು ಹೇಳಿದ್ದು ಇಷ್ಟೇ: “ಸಮುದ್ರದ ಒತ್ತಡ ತಡೀಬೇಕು ಸಾಬ್ರೇ.”

ಕಿಂಡಿಯ ಗಾಜಿಗೆ ಬಿರಡೆಯಂತೆ ಒಂದು ಮಗ್ಗುಲು ಅಗಲ, ಇನ್ನೊಂದು ಕಿರಿದು. ಒತ್ತಡ ಅಗಲದ ಕಡೆಯಿಂದ ಬಿದ್ದರೆ ಗಾಜು ಇನ್ನೂ ಬಿಗಿಯಾಗಿ ಕೂರುತ್ತದೆ; ಕಿರಿದಾದ ಕಡೆಯಿಂದ ಬಿದ್ದರೆ ಕಿತ್ತು ಹಾರುತ್ತದೆ. ಪಾಷಾನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಪಾತ್ರೆಯನ್ನು ಸಮುದ್ರಕ್ಕೆ ಇಳಿಬಿಡುತ್ತಾರೆ, ನೀರು ಹೊರಗಿನಿಂದ ಅದುಮುತ್ತದೆ ಎಂದುಕೊಂಡು ಅವನು ಅಗಲದ ಮಗ್ಗುಲನ್ನು ಹೊರಕ್ಕೆ ಕೂರಿಸಿದ.

ಶನಿವಾರದ ರೈಲಿಗೆ ಪಾತ್ರೆ ಕೊಚ್ಚಿಯ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಗುರುವಾರ ದ್ರೌಪದಮ್ಮ ವರ್ಕ್‌ಶಾಪಿಗೇ ಬಂದು, ನೀರು ತುಂಬಿಸಿ, ಗಾಜಿನೆದುರು ಮುಖವಿಟ್ಟು ಒತ್ತಡ ಏರಿಸುವ ಪಂಪಿನ ಹಿಡಿಗೆ ಕೈಹಾಕಿದರು.

“ಸಮುದ್ರಕ್ಕೆ ಇಳಿಸೋದು ಯಾವಾಗ ಮೇಡಂ?” ಪಾಷಾ ಮಾತಿಗೆಂದು ಕೇಳಿದ.

“ಇಳಿಸೋದೆಲ್ಲಿ ಸಾಬ್ರೇ? ಇದು ಮೇಜಿನ ಮೇಲೇ ಇರತ್ತೆ. ಸಮುದ್ರ ಇದರ ಒಳಗೆ.”

ಹಾಗಾದರೆ ಒತ್ತಡ ಬೀಳುವುದು ಒಳಗಿನಿಂದ, ಗಾಜಿನ ಕಿರಿದಾದ ಮಗ್ಗುಲಿಗೆ. ಒತ್ತಡ ಏರಿದರೆ ಗಾಜು ಗುಂಡಿನಂತೆ ಹಾರಿ ಆಕೆಯ ಕಣ್ಣಿಗೆ ಬಡಿಯುತ್ತದೆ. ಬಾಯಿಬಿಟ್ಟರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು. ಪಾಷಾ ಹಿಡಿಯನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಹಿಡಿ ಒಂದು ಸಲ ಕೆಳಗಿಳಿಯಿತು.

“ತೋಬಾ! ಬಿಡಿ ಮೇಡಂ, ಬಿಡಿ!” ಎಂದು ಆಕೆಯ ಕೈಯನ್ನೇ ಕಿತ್ತು ಸರಿಸಿದ. “ಗಾಜು ಉಲ್ಟಾ ಕೂರಿಸ್ಬಿಟ್ಟಿದೀನಿ.”

ದ್ರೌಪದಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಸಂಜೆಯೊಳಗೆ ಪಾಷಾ ಬೇರೆ ಮುಚ್ಚಳ ಕಡೆದು, ಅಗಲದ ಮಗ್ಗುಲನ್ನು ಒಳಕ್ಕೆ ಮಾಡಿ ಕೂರಿಸಿದ. ಆಮೇಲೆ ತಾನೇ ಸ್ಟೂಲ್ ಎಳೆದುಕೊಂಡು ಗಾಜಿಗೆ ಮುಖಕೊಟ್ಟು ಕುಳಿತ.

“ಏಳಿ ಸಾಬ್ರೇ. ಇವತ್ತು ಕನ್ನಡಿ ಇಟ್ಟು ದೂರದಿಂದ ನೋಡೋಣ.”

“ನಿನ್ನೆ ಕನ್ನಡಿ ಇರ್ಲಿಲ್ಲ ಮೇಡಂ, ನೀವಿದ್ರಿ. ಗೊತ್ತಾದ ಮೇಲೂ ಪಂಪಿನ ಒಂದು ಹೊಡೆತ ಸುಮ್ನೆ ನೋಡ್ತಾ ನಿಂತಿದ್ದೆ ನಾನು.”

ದ್ರೌಪದಮ್ಮ ಕನ್ನಡಿಯನ್ನು ಬದಿಗಿಟ್ಟರು.

“ಹಾಗಾದ್ರೆ ಸ್ವಲ್ಪ ಸರ್ಕೊಳ್ಳಿ,” ಎಂದರು. ಇನ್ನೊಂದು ಸ್ಟೂಲ್ ತಂದು ಅವನ ಪಕ್ಕದಲ್ಲೇ ಗಾಜಿಗೆ ಮುಖಕೊಟ್ಟು ಕುಳಿತು ಪಂಪು ಒತ್ತತೊಡಗಿದರು. ಪಂಪಿನ ಒತ್ತಡಮಾಪಕದ ಮುಳ್ಳು ಮುನ್ನೂರು ಮುಟ್ಟುವವರೆಗೆ ಗಾಜೂ ಜಪ್ಪೆನ್ನಲಿಲ್ಲ, ಅವರಿಬ್ಬರೂ ಕದಲಲಿಲ್ಲ.