ಕಿವಿಗೊಟ್ಟು ಹಿಡಿದ ಕೋಣೆ

ನಮ್ಮ ಮನೆಯ ಕುಕ್ಕರ್ ಕೂಗಿದರೆ ಮೂರು ಊರಿಗೆ ಕೇಳಿಸುತ್ತದೆ. ಸೊಸೆ ಫೋನ್ ಎತ್ತಿ "ಹೇಳಿ ಸಾರ್" ಅನ್ನುವ ಹೊತ್ತಿಗೇ ಕೂಗುವುದು ಅದರ ಚಟ. ಒಂದು ದಿನ ಆ ಕಡೆಯವರು, "ಏನಮ್ಮಾ, ರೈಲ್ವೆ ಸ್ಟೇಷನ್ನಿಂದ ಮಾತಾಡ್ತಿದೀರಾ?" ಎಂದು ಕೇಳಿಯೇಬಿಟ್ಟರಂತೆ.

ಸೊಸೆಗೆ ಒಂದು ಆಸ್ಪತ್ರೆಯ ಕೆಲಸ ಸಿಕ್ಕಿತ್ತು. ರೋಗಿಗಳು ಫೋನ್ ಮಾಡಿದರೆ ಡಾಕ್ಟರ್ ಸಿಗುವ ಹೊತ್ತನ್ನು ಗೊತ್ತು ಮಾಡಿ ಕೊಡುವುದು. ಮೊದಲು ಮೂರು ತಿಂಗಳು ನೋಡುತ್ತಾರೆ, ಚೆನ್ನಾಗಿ ನಡೆದರೆ ಮುಂದುವರಿಸುತ್ತಾರೆ. ಆದರೆ ಮನೆಯಿಂದ ಆಗದು, ಆಫೀಸು ಇರಲೇಬೇಕು.

"ನನ್ನ ಹೆಸರಲ್ಲಿ ಬಂದ ಮೊದಲನೇ ಕೆಲಸ ಅತ್ತೆ. ಇದು ಕೈತಪ್ಪಬಾರದು," ಎಂದಳು.

"ಅದಕ್ಕ್ಯಾಕೆ ಚಿಂತೆ? ನಿಮ್ಮ ಮಾವನ ಕೋಣೆ ಖಾಲಿ ಬಿದ್ದಿದೆಯಂತೆ!" ಎಂದೆ.

ಪೇಟೆ ಬೀದಿಯಲ್ಲಿ ಮಹಡಿಯ ಮೇಲೆ ಒಂದು ಬಾಡಿಗೆ ಕೋಣೆ. ಅಲ್ಲಿ ನನ್ನ ಗಂಡ ರೇಡಿಯೋ ರಿಪೇರಿ ಮಾಡುತ್ತಿದ್ದರು. ಕೆಳಗೆ ಪುಸ್ತಕಕ್ಕೆ ಬೈಂಡು ಹಾಕುವವನಿದ್ದ. ಎಂಥ ಸದ್ದಿಲ್ಲದ ಮನುಷ್ಯನೆಂದರೆ, ಅವನು ಸೀನಿದರೆ ಬೀದಿಗೆಲ್ಲ ಸುದ್ದಿ. ನಾನು ಬುತ್ತಿ ಹಿಡಿದು ಮೆಟ್ಟಿಲು ಹತ್ತುವಾಗ ನನ್ನ ಚಪ್ಪಲಿ ಸದ್ದು ಕೇಳಿಯೇ ಅವರು ಬಾಗಿಲು ತೆಗೆಯುತ್ತಿದ್ದರು. ಬಾಗಿಲ ಪಕ್ಕ ಒಂದು ಹಿತ್ತಾಳೆ ಮೊಳೆ. ಅದಕ್ಕೆ ಅವರ ಕೊಡೆ, ಕೊಡೆಯ ಮೇಲೆ ನನ್ನ ಚೀಲ. ಇಬ್ಬರ ಸಂಸಾರ ಆ ಮೊಳೆಯ ಮೇಲೇ ನಡೆಯಿತು ಎನ್ನಿ.

ರಜೆಯ ದಿನ ಹೋಗಿ ನೋಡಿದೆವು. ಬೀದಿ ಹೊದ್ದು ಮಲಗಿತ್ತು. ಮೊಳೆ ಅಲ್ಲೇ ಇತ್ತು! ನನ್ನ ಎದೆ ಬೆಣ್ಣೆಯಾಗಿ ಮೆಟ್ಟಿಲಿಳಿದು ಬೀದಿಗೆ ಹರಿಯಿತು.

ಈಗಿನ ಮಾಲೀಕ ಹಳೇ ಮಾಲೀಕರ ಮಗ. ಚಿಕ್ಕವನಿದ್ದಾಗ ಉರುಳಿಕೊಂಡೇ ಓಡಾಡುತ್ತಿದ್ದ, ಅದಕ್ಕೇ ಗುಂಡ. "ರೇಡಿಯೋ ಅಮ್ಮ, ನಮ್ಮ ನಿಮ್ಮ ಮಧ್ಯೆ ಕಾಗದ ಯಾಕೆ? ಒಂದು ವರ್ಷಕ್ಕೆ ಅಂತ ಮಾತಾಗ್ಲಿ. ಅಡ್ವಾನ್ಸ್ ಕೊಟ್ಟು ಬೀಗದ ಕೈ ತಗೊಳ್ಳಿ," ಎಂದ.

"ಒಂದೇ ವರ್ಷನಾ? ನೂರು ವರ್ಷಕ್ಕೆ ಕೊಡೋ!" ಎಂದೆ. ಸೊಸೆ ನನ್ನ ಕೈ ಚಿವುಟಿದಳು.

ಸಂಜೆ ಅವಳು ಎದುರುಮನೆ ವಕೀಲಮ್ಮನನ್ನು ಕರೆದುಕೊಂಡೇ ಬಂದಳು.

"ಕೆಲಸ ಮೂರು ತಿಂಗಳದ್ದು, ಬಾಡಿಗೆ ವರ್ಷದ್ದಾ? ಕೆಲಸ ನಿಂತ್ರೆ ಖಾಲಿ ಗೋಡೆಗೆ ಬಾಡಿಗೆ ಕಟ್ತೀರಾ ದೊಡ್ಡಮ್ಮ?"

"ಗುಂಡ ಒಳ್ಳೇವ್ನು ಕಣೇ. ತೊಟ್ಟಿಲಲ್ಲಿದ್ದಾಗಿಂದ ನೋಡಿದೀನಿ."

"ಒಳ್ಳೇವ್ರೇ ಇರ್ಲಿ. ನಾಳೆ ಅವರು ಮರೆತ್ರೆ? ನೀವು ಮರೆತ್ರೆ? ಕಾಗದ ಜಗಳ ಆಡೋಕಲ್ಲ, ಜಗಳ ಆಗದೇ ಇರೋಕೆ."

"ನಮ್ಮ ಕಾಲದಲ್ಲಿ ಮಾತೇ ಕಾಗದ."

"ಆಯ್ತು. ಮೊದಲು ಕೆಲಸದ ದಿನ, ಕೆಲಸದ ಹೊತ್ತಲ್ಲಿ ಇನ್ನೊಂದ್ಸಲ ನೋಡ್ಕೊಂಡು ಬನ್ನಿ."

"ಆ ಕೋಣೆಯ ಮೂಲೆಮೂಲೆನೂ ಕಣ್ಮುಚ್ಚಿ ಹೇಳ್ತೀನಿ!"

"ಕಣ್ಣು ಮುಚ್ಕೊಂಡೇ ಹೋಗಿ, ಪರವಾಗಿಲ್ಲ. ಕಿವಿ ಮಾತ್ರ ತೆಗೆದಿಟ್ಕೊಳ್ಳಿ."

ಮಾರನೇ ದಿನ ಹೋದೆವು, ಬೀಗ ತೆಗೆಯಲು ಗುಂಡನೂ ಬಂದ. ಮೆಟ್ಟಿಲಿಗೆ ಕಾಲಿಟ್ಟೆ ಅಷ್ಟೇ, ಢಣ್! ಬೈಂಡಿನವನ ಜಾಗದಲ್ಲಿ ಈಗ ಕಬ್ಬಿಣದ ಬೀರು ಮಾಡುವ ಕಾರ್ಖಾನೆ. ನನ್ನ ಹಲ್ಲು ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕೂತವು. ಸೊಸೆ ಕೋಣೆಯಿಂದ ಫೋನ್ ಮಾಡಿದಳು, ನಾನು ಬೀದಿ ಕೊನೆಯಲ್ಲಿ ನಿಂತು ಎತ್ತಿದೆ. ಬರೀ ಸುತ್ತಿಗೆ ಮಾತಾಡಿತು. ಸಾಲದ್ದಕ್ಕೆ ಶೌಚಾಲಯವೂ ಕೆಳಗಿನವರ ಪಾಲಾಗಿತ್ತು.

"ಕಿಟಕಿ ಮುಚ್ಚಿದ್ರೆ ಆಯ್ತಪ್ಪ," ಎಂದೆ ನಾನು. ಹಟ.

ಸೊಸೆ ರೇಗಲಿಲ್ಲ. "ಅತ್ತೆ, ಮಾವ ಇದೇ ಕೋಣೆನ ಯಾಕೆ ಆರಿಸ್ಕೊಂಡ್ರು?" ಎಂದು ಕೇಳಿದಳು.

ಆಗ ನೆನಪಾಯಿತು. ಕೋಣೆ ಹಿಡಿಯುವ ಮುಂಚೆ ಅವರು ಒಂದು ಮಧ್ಯಾಹ್ನವಿಡೀ ಇದೇ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. "ಕೋಣೆ ನೋಡೋಕೆ ಹೋಗಿದ್ರೋ, ಅದರ ಹಾಡು ಕೇಳೋಕೋ?" ಎಂದು ನಾನೇ ಆಡಿಕೊಂಡಿದ್ದೆ. "ರೇಡಿಯೋ ಕಾಯಿಲೆ ಕಿವಿಗೆ ಸಿಗಬೇಕು ಕಣೇ. ಗದ್ದಲದಲ್ಲಿ ಕೂತ್ರೆ ನನ್ನ ಕಸುಬು ಕಿವುಡು," ಎಂದಿದ್ದರು. ನಾನು ಕೋಣೆಯನ್ನು ನೆನಪಿಟ್ಟುಕೊಂಡೆ, ಅವರು ಅದನ್ನು ಆರಿಸಿದ ಬಗೆಯನ್ನು ಬಿಟ್ಟೆ.

"ಗುಂಡಾ, ಇದು ಬೇಡಪ್ಪ. ಬೇರೆ ಇದ್ಯಾ?"

ಹಿಂದಿನ ಬೀದಿಗೆ ಮುಖ ಮಾಡಿದ ಅವನ ಇನ್ನೊಂದು ಕಟ್ಟಡದ ಮಹಡಿಯಲ್ಲಿ ಒಂದು ಪುಟ್ಟ ಕೋಣೆ ಇತ್ತು. ಪಕ್ಕದಲ್ಲೇ ಶೌಚಾಲಯ. ಬಾಗಿಲು ಹಾಕಿ ಮೂವರೂ ಸುಮ್ಮನೆ ಕೂತೆವು. ಒಂದು ಪಾರಿವಾಳ ಗುಟುರು ಹಾಕಿತು, ಅಷ್ಟೇ. ಈ ಸಲ ಬೀದಿ ಕೊನೆಗೆ ಹೋಗಿ ಫೋನ್ ಎತ್ತಿದರೆ ಸೊಸೆಯ ಉಸಿರೂ ಕೇಳಿಸಿತು.

ವಕೀಲಮ್ಮ ಕರಾರು ಬರೆದಳು. ಗುಂಡ ಗೊಣಗಿದ: "ಮೂರು ತಿಂಗಳಿಗೆ ಇಷ್ಟುದ್ದ ಕಾಗದನಾ?"

"ಸ್ವಲ್ಪ ದಿನದ ಬಾಡಿಗೆಗೇ ಸರಿಯಾಗಿ ಬರೀಬೇಕಣ್ಣ. ತಪ್ಪಾದ್ರೆ ತಿದ್ದೋಕೆ ದಿನ ಇರಲ್ಲ," ಎಂದು ಗಟ್ಟಿಯಾಗಿ ಓದಿದಳು. ಯಾವತ್ತಿಂದ ಯಾವತ್ತಿನವರೆಗೆ. ಆಫೀಸಿಗಾಗಿಯೇ ಕೊಟ್ಟಿದ್ದು. ಮೆಟ್ಟಿಲು, ಶೌಚಾಲಯ ಸೇರಿದೆ. ಕರೆಂಟ್ ಬಿಲ್ಲು ಯಾರದ್ದು, ಅಡ್ವಾನ್ಸ್ ವಾಪಸ್ ಯಾವಾಗ. ಮುಂದುವರಿಸಬೇಕಾದರೂ, ನಡುವೆ ಬಿಡಬೇಕಾದರೂ ಎಷ್ಟು ದಿನ ಮುಂಚೆ ಹೇಳಬೇಕು. ಬಾಡಿಗೆದಾರರು ಗೋಡೆಗೆ ಹೊಡೆದದ್ದು ಬಿಡುವಾಗ ಯಾರಿಗೆ ಸೇರುತ್ತದೆ.

"ನಿಲ್ಸು. ಆ ಮೊಳೆ?" ಎಂದೆ.

"ಯಾವ ಮೊಳೆ?"

ಹೇಳಿದೆ. ಗುಂಡ ಎದ್ದು, ಕಾರ್ಖಾನೆಯಿಂದ ಇಕ್ಕಳ ತಂದು, ಹಳೇ ಕೋಣೆಯ ಮೊಳೆ ಕಿತ್ತು ನನ್ನ ಅಂಗೈಯಲ್ಲಿಟ್ಟ. "ಬರ್ಕೊಳ್ಳಿ ವಕೀಲಮ್ಮ. ಹಿತ್ತಾಳೆ ಮೊಳೆ ಒಂದು, ಇವರದ್ದು. ಹೋಗೋವಾಗ ಕಿತ್ಕೊಂಡು ಹೋಗ್ಬಹುದು."

ಎಲ್ಲರೂ ಸಹಿ ಹಾಕಿದರು. ಮೂರು ತಿಂಗಳು ಕಳೆಯಿತು, ಆಸ್ಪತ್ರೆಯವರು ಮುಂದುವರಿಸಿದರು, ಕರಾರಿನಲ್ಲಿದ್ದ ಹಾಗೆಯೇ ಕೋಣೆಯೂ ಮುಂದುವರಿಯಿತು. ಹೊಸ ಗೋಡೆಗೆ ಹೊಡೆದ ಆ ಮೊಳೆಗೆ ಈಗ ಸೊಸೆಯ ಕೊಡೆ. ನಾನು ಬುತ್ತಿ ಹಿಡಿದು ಮೆಟ್ಟಿಲು ಹತ್ತಿದರೆ, ಬಾಗಿಲು ತಟ್ಟುವ ಮೊದಲೇ ತೆಗೆಯುತ್ತಾಳೆ.

"ಹೆಂಗೆ ಗೊತ್ತಾಯ್ತೇ?"

"ಚಪ್ಪಲಿ ಸದ್ದು ಅತ್ತೆ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾಲ್ಕು ದಿನದ ಮಟ್ಟಿಗಾದರೂ ಸರಿ, ಆಫೀಸಿಗೆ ಕೋಣೆ ಹಿಡಿಯುವ ಮುಂಚೆ ಕೆಲಸದ ಹೊತ್ತಿನಲ್ಲಿ ಹೋಗಿ ಕೂತು ನೋಡಿ. ಕೆಲಸ ಎಷ್ಟು ದಿನದ್ದೋ ಕರಾರೂ ಅಷ್ಟು ದಿನಕ್ಕೇ ಇರಲಿ. ಆಡಿದ ಮಾತನ್ನೆಲ್ಲ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಓದಲು ಬಾರದಿದ್ದರೆ ನಾಚಿಕೆ ಬೇಡ, ನಾನೂ ಓದಿಸಿಯೇ ಕೇಳಿದ್ದು. ಮೊಳೆ ಇದ್ದರೆ ಅದನ್ನೂ ಬರೆಸಿ. ಅದಕ್ಕೆ ಯಾರ ಕೊಡೆ ನೇತಾಡಿತ್ತೋ ನಿಮಗೆ ಮಾತ್ರ ಗೊತ್ತು.