ಗುಂಪಿನ ದನಿ

ಕಾರ್ಟೂನಿನಲ್ಲಿ ಜನಜಂಗುಳಿಯ ದೃಶ್ಯ ಬಂದರೆ ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಒಂದು ಪದ್ಧತಿ. ಚಹಾ ತರುವವರಿಂದ ಹಿಡಿದು ಲೆಕ್ಕ ಬರೆಯುವವರವರೆಗೆ ಎಲ್ಲರೂ ಒಂದೇ ಮೈಕಿನ ಮುಂದೆ ನಿಂತು ಕೂಗಬೇಕು. ಆ ದಿನ ಮುದುಕಿಯರಿಗೂ ಬೆಕ್ಕುಗಳಿಗೂ ದನಿ ಕೊಡುವ ನಾನೂ ನಿಂತಿದ್ದೆ. ಕೂಗಬೇಕಿದ್ದ ಪದ "ಹೆಣ್ಣಿಗ". ಕೂಗಿಸಿಕೊಳ್ಳುವವನು ಉದ್ದ ಜಡೆಯ, ಕಾಡಿಗೆ ಕಣ್ಣಿನ ರಾಜಕುಮಾರ. ಅವನಿಗೆ ದನಿ ಕೊಡುವವನು ನನ್ನ ತಮ್ಮ.

ನನಗೆ ಮೈಯೆಲ್ಲ ಉರಿಯಿತು. "ಈ ಪದ ಬೇಡ ಸರ್."

ನಿರ್ದೇಶಕರು ನಕ್ಕರು. "ಬೈಗುಳ ಅಲ್ಲ ಮೇಡಂ. ಈ ಪಾತ್ರ ಅಂದ್ರೆ ಪ್ರಾಣ ಬಿಡೋ ಹುಡುಗರೇ ಹೀಗೆ ಕರೀತಾರೆ, ಪ್ರೀತಿಗೆ."

"ಪ್ರೀತಿಯ ಮಾತಿಗೆ ಅಷ್ಟು ಬರಗಾಲ ಬಂದಿದೆಯಾ?"

"ಬರೆದ ಚಿತ್ರಕ್ಕೆ ಎಲ್ಲಿಯ ನೋವು? ನಿಮ್ಮ ತಮ್ಮನೇ ಸುಮ್ನಿದ್ದಾರೆ, ನಿಮಗ್ಯಾಕೆ ಉರಿ?"

"ಇರ್ಲಿ ಬಿಡಕ್ಕ," ಎಂದು ತಮ್ಮ ನಕ್ಕ. ಶಾಲೆಯಲ್ಲಿ ಇದೇ ಪದ ಕೇಳಿಸಿಕೊಂಡು ಹರಿದ ಅಂಗಿಯಲ್ಲಿ ಬಂದಾಗಲೂ ಹೀಗೇ ನಗುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿ ಸುಮ್ಮನಿದೆಯೆಂದರೆ ಅದಕ್ಕೂ ಆಟ ಇಷ್ಟವೆಂದು ಅರ್ಥವೇ? ಇಷ್ಟು ಜನರ ಬಾಯಿಂದ ಅದನ್ನೇ ಮತ್ತೆ ಅವನ ಕಿವಿಗೆ ಸುರಿಯಲು ನಾನು ಬಿಡುವವಳಲ್ಲ.

"ಪ್ರೀತಿಯ ಮಾತಿಗೆ ಗುಂಪು ಯಾಕೆ ಸರ್? ನೀವೊಬ್ಬರೇ ಇವನ ಮುಖ ನೋಡ್ಕೊಂಡು ಹೇಳಿ."

ನಿರ್ದೇಶಕರು ಬಾಯಿ ತೆರೆದರು, ತಮ್ಮನನ್ನು ನೋಡಿದರು, ಕೆಮ್ಮಿದರು. "ಪಾತ್ರ ಬೇರೆ, ಮನುಷ್ಯ ಬೇರೆ ಮೇಡಂ."

"ಅವರಿಗ್ಯಾಕೆ ಕಷ್ಟ ಅಕ್ಕ," ಎಂದು ತಮ್ಮ ಮೈಕಿನ ಹತ್ತಿರ ಬಂದ. "ಗುಂಪಿನ ದನಿ ನಾನೊಬ್ಬನೇ ಮಾಡ್ತೀನಿ. ಹಾಗೆ ಕರೆದೋರೆಲ್ಲ ನನಗೆ ಬಾಯಿಪಾಠ."

ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಮೊದಲು ಡ್ರಿಲ್ ಮೇಷ್ಟ್ರ ಗಡಸು ದನಿ. ಆಮೇಲೆ ಬಸ್ ಕಂಡಕ್ಟರ್. ಆಮೇಲೆ ಪಕ್ಕದ ಮನೆಯ ಅತ್ತೆಯ ಬೆಣ್ಣೆಯಂಥ ದನಿ. ಪ್ರತಿ ದನಿಯಲ್ಲೂ ಅದೇ ಪದ. ಮೊದಲು ಕಿಸಕ್ಕೆಂದ ಚಹಾದವರು ತಲೆ ತಗ್ಗಿಸಿದರು. ಕೊನೆಗೆ ಒಂದು ಸಣ್ಣ ಕೆಮ್ಮು, ಅದರ ಹಿಂದೆಯೇ ದಣಿದ, ಮೆಲ್ಲನೆಯ ದನಿ, ಅದೇ ಪದ.

ಅಪ್ಪನ ದನಿ. ಅವರು ತೀರಿಕೊಂಡ ಮೇಲೆ ಅದನ್ನು ನಾನು ಕೇಳಿರಲಿಲ್ಲ. ಅವರು ಇದ್ದಾಗಲೂ ಆ ಪದ ಅವರ ಬಾಯಲ್ಲಿ ಕೇಳಿರಲಿಲ್ಲ.

"ಇವರಲ್ಲಿ ಪ್ರೀತಿಗೆ ಅಂದೋರು ಯಾರು, ನೀವೇ ಹೇಳಿ ಸರ್," ಎಂದ ತಮ್ಮ. ಈ ಸಲ ಅವನು ನಗಲಿಲ್ಲ.

ನಿರ್ದೇಶಕರು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದರು. ಜಗಳ ನಾನೇ ಗೆದ್ದಿದ್ದೆ. ಆದರೆ ಅಪ್ಪ ಅದನ್ನು ಯಾವಾಗ ಅಂದರು ಎಂದು ತಮ್ಮನನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.