ಜಬರ್ ಸಿಂಗನ ಜೋಡುನಳಿಗೆ

ನಮ್ಮ ಭಿಂಡಿನಲ್ಲಿ ಕೂಸು ಹುಟ್ಟುವಾಗ ತಲೆಗಿಂತ ಮುಂಚೆ ಹೆಗಲು ಹೊರಗೆ ಬಂದು, ಬಂದೂಕು ಎಲ್ಲಿ ಎಂದು ತಡಕಾಡುತ್ತದೆ. ಸುಳ್ಳಾದರೆ ಚಂಬಲ್ ನದಿ ಹಿಂದಕ್ಕೆ ಹರಿಯಲಿ. ಅಂಥ ಊರಲ್ಲೂ ಚುನಾವಣೆ ಬಂತೆಂದರೆ ಬಂದೂಕುಗಳೆಲ್ಲ ಠಾಣೆಯ ಕೋಣೆ ಸೇರಬೇಕು. ಕಾವಲು ಕೆಲಸದವರ ಮತ್ತು ಗುರಿ ಹೊಡೆಯುವ ಆಟಗಾರರ ಬಂದೂಕುಗಳು ಮಾತ್ರ ಅವರವರ ಹತ್ತಿರವೇ ಉಳಿಯುತ್ತವೆ.

ಬ್ಯಾಂಕಿನ ಬಾಗಿಲು ಕಾಯುತ್ತಲೇ ಮುದುಕನಾದ ಜಬರ್ ಸಿಂಗ್ ಭದೌರಿಯಾನಿಗೆ ಹಾಗಾಗಿ ಚುನಾವಣೆಯೇ ದೊಡ್ಡ ಹಬ್ಬ. ಊರ ಗಂಡಸರೆಲ್ಲ ಬೋಳು ಹೆಗಲಲ್ಲಿ ತಿರುಗುವಾಗ ಇವನೊಬ್ಬನ ಹೆಗಲಲ್ಲಿ ಜೋಡುನಳಿಗೆ ಬಂದೂಕು. ಆಗ ಅವನ ಮೀಸೆಯ ನೆರಳಲ್ಲಿ ಎರಡು ಎಮ್ಮೆ ಮಲಗಬಹುದಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಂಚದಲ್ಲಿ ಅವಳು ಮಲಗುತ್ತಿದ್ದ ಮಗ್ಗುಲಲ್ಲಿ ಆ ಬಂದೂಕೇ ಮಲಗುತ್ತಿತ್ತು. ಹಗಲಿನ ಸುದ್ದಿಯನ್ನೆಲ್ಲ ಅವನು ಅದಕ್ಕೇ ಹೇಳುತ್ತಿದ್ದ.

ಈ ಸಲ ಬ್ಯಾಂಕಿನವರು ಬಾಗಿಲಿಗೆ ಕ್ಯಾಮೆರಾ ಕೂರಿಸಿ ಅವನನ್ನು ಮನೆಗೆ ಕಳಿಸಿದರು. ಹಿಂದೆಯೇ ಚುನಾವಣೆ ಬಂತು, ಬಂದೂಕು ಒಪ್ಪಿಸೆಂದು ಠಾಣೆಯಿಂದ ಕರೆಯೂ ಬಂತು.

ಉಳಿದದ್ದು ಆಟದ ದಾರಿ. ಜಬರ್ ಸಿಂಗ್ ಗ್ವಾಲಿಯರಿನ ಗುರಿಗಾರರ ಕ್ಲಬ್ಬಿಗೆ ಹೋದ. ಹಾರುವ ಕಾಗೆಯ ಎಡಗಣ್ಣಿಗೇ ಹೊಡೆದವನು ತಾನೆಂದು ಊರಿಗೆಲ್ಲ ಹೇಳಿಕೊಂಡಿದ್ದವನು ಅಲ್ಲೂ ಅದನ್ನೇ ಹೇಳಿದ. ತರಬೇತುದಾರ ಮಣ್ಣಿನ ಬಿಲ್ಲೆಯೊಂದನ್ನು ಆಕಾಶಕ್ಕೆ ಹಾರಿಸಿ, ಹೊಡೆಯಿರಿ ಎಂದ. ಜಬರ್ ಸಿಂಗ್ ಬಂದೂಕಿನ ಕುದುರೆ ಎಳೆದ. ಬ್ಯಾಂಕಿಗೆ ಸೇರಿದ ದಿನ ತುಂಬಿದ ತೋಟೆ, ಒಮ್ಮೆಯೂ ಹಾರಿಸಿದ್ದಲ್ಲ. ಟಿಕ್ ಎಂದಿತು. ಇನ್ನೊಂದು ನಳಿಗೆಯೂ ಟಿಕ್. ಬಿಲ್ಲೆ ನೆಲಕ್ಕೆ ಬಿದ್ದು ತಾನಾಗಿಯೇ ಒಡೆಯಿತು.

ತರಬೇತುದಾರ ನಗಲಿಲ್ಲ. "ದದ್ದಾ, ಇದು ಬಾಗಿಲಲ್ಲಿ ನಿಂತು ಹೆದರಿಸೋ ಬಂದೂಕು. ಆಟದ್ದು ಬೇರೆ. ಅದೂ ಈ ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲೇ ಮಲಗಬೇಕು, ಮನೆಗೆ ಒಯ್ಯೋ ಹಾಗಿಲ್ಲ."

ಮರುದಿನ ಠಾಣೆಯ ಲೆಕ್ಕ ಬರೆಯುವ ಮುನ್ಶಿ ಕಂಧೀಲಾಲ್ ಜೋಡುನಳಿಗೆಗೆ ಚೀಟಿ ಕಟ್ಟಿ ಖಾಲಿ ಮೂಲೆಗೆ ಒರಗಿಸಿದ. ಜಬರ್ ಸಿಂಗ್ ಹೊರಡಲಿಲ್ಲ.

"ಅಲ್ಲಿ ಒಂದೇ ಬಿಡಬೇಡ್ವೋ. ಆ ಬಂದೂಕುಗಳ ನಡುವೆ ಇಡು."

"ಯಾಕೆ ದದ್ದಾ, ಹೊಸ ಸೊಸೇನಾ?"

"ರಾತ್ರಿ ಯಾರಾದ್ರೂ ಮಾತಾಡ್ತಾ ಇರ್ಬೇಕು ಅದಕ್ಕೆ. ಅಭ್ಯಾಸ ಆಗೋಗಿದೆ."

ಮುನ್ಶಿ ಎದ್ದು, ಅದನ್ನು ಉಳಿದ ಬಂದೂಕುಗಳ ನಡುವೆ ಸೇರಿಸಿದ.

ಹೆಗಲಲ್ಲಿಲ್ಲದ ಭಾರಕ್ಕೆ ಮೈ ವಾಲಿಸಿಕೊಂಡೇ ಜಬರ್ ಸಿಂಗ್ ಮನೆಗೆ ನಡೆದ. ರಸ್ತೆಯೇ ವಾಲಿದೆಯೆಂದು ಎದುರಿನ ಎತ್ತಿನ ಗಾಡಿಯೂ ವಾಲಿಕೊಂಡು ಬಂತು. ಮನೆಯಲ್ಲಿ ಮಂಚದ ತನ್ನ ಮಗ್ಗುಲಲ್ಲೇ ಕುಳಿತ. ವಾಲಿ ಬಂದ ಗಾಡಿಯ ಸುದ್ದಿ ಹೇಳಬೇಕೆಂದು ಬಂದೂಕಿನ ಮಗ್ಗುಲಿಗೆ ತಿರುಗಿ ಬಾಯಿ ತೆರೆದ, ಹಾಗೇ ಮುಚ್ಚಿಕೊಂಡ.